ಮೂರನೇ ಗುಂಪಿನ ಉಸಿರು

ಕಫ ಕಂಡರೆ ಊದಕ್ಕನಿಗೆ ಹೇಸಿಗೆಯಾಗುತ್ತಿರಲಿಲ್ಲ. ರೋಗಿಗಳು ಕೆಮ್ಮಿ ಕೆಮ್ಮಿ ಡಬ್ಬಿಗೆ ಉಗುಳಿದ್ದನ್ನು ಬೆಳಕಿಗೆ ಹಿಡಿದು, ಹಳದಿಯೋ ಹಸಿರೋ ಎಂದು ಬರೆದುಕೊಂಡು, ಕೈ ತೊಳೆದು ಬಂದು ನೆಮ್ಮದಿಯಾಗಿ ಊಟದ ಡಬ್ಬಿ ಬಿಚ್ಚುತ್ತಿದ್ದಳು. "ನಿನಗೇನು ಮೂಗು ಸತ್ತಿದೆಯಾ?" ಎಂದು ನಾವು ರೇಗಿಸಿದರೆ, "ಒಳಗಿದ್ದದ್ದು ಹೊರಗೆ ಬಂತಲ್ಲ, ಖುಷಿಪಡಿ" ಅನ್ನುತ್ತಿದ್ದಳು.

ನಮ್ಮ ಎದೆರೋಗದ ಆಸ್ಪತ್ರೆಯಲ್ಲಿ ಉಸಿರು ಅಳೆಯುವ ಯಂತ್ರ ನೋಡಿಕೊಳ್ಳುವುದು ಅವಳ ಕೆಲಸ. ರಟ್ಟಿನ ಕೊಳವೆಯೊಂದನ್ನು ಬಾಯಿಗೆ ಕೊಟ್ಟು, ಮೂಗಿಗೆ ಕ್ಲಿಪ್ಪು ಹಾಕಿ, "ತುಂಬಾ ಎಳ್ಕೊಳ್ಳಿ, ಹಾಂ, ಈಗ ಊದಿ, ಊದಿ ಊದಿ ಊದಿ, ಇನ್ನೂ ಇದೆ, ಬಿಡಬೇಡಿ, ಊದಿ!" ಎಂದು ಕಿರುಚುತ್ತಿದ್ದಳು. ಹಾಗೆ ಕಿರುಚಿದರೇ ಜನ ಪೂರ್ತಿ ಊದುವುದು. ಆ ಕೂಗು ಹೊರಗಿನ ಬೆಂಚಿನವರೆಗೂ ಕೇಳುತ್ತಿದ್ದುದರಿಂದ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಆಸ್ಪತ್ರೆಗೆಲ್ಲ ಅವಳು ಊದಕ್ಕ ಆಗಿದ್ದಳು.

ನಾನು ಅವಳ ಬಾಗಿಲ ಹೊರಗೆ ಕೂತು ಚೀಟಿ ಬರೆಯುವವನು. ಹೆಸರು, ವಿಳಾಸ, ವಯಸ್ಸು, ಎತ್ತರ, ತೂಕ, ಗಂಡೋ ಹೆಣ್ಣೋ, ಕೊನೆಯಲ್ಲಿ ಗುಂಪು. ಇಪ್ಪತ್ತೆರಡು ವರ್ಷ ಬರೆದಿದ್ದೇನೆ. ಅವಳು ನನ್ನನ್ನು ಚೀಟಣ್ಣ ಅನ್ನುತ್ತಾಳೆ.

ಈ ಗುಂಪು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಂತ್ರದಲ್ಲಿ ಒಂದರಿಂದ ನಾಲ್ಕರವರೆಗೆ ಗುಂಪುಗಳಿದ್ದವು, ಯಾವುದಾದರೂ ಒಂದನ್ನು ಒತ್ತದೆ ಅದು ಮುಂದೆ ಹೋಗುತ್ತಿರಲಿಲ್ಲ. ಎರಡು ಮತ್ತು ನಾಲ್ಕು ನಮ್ಮ ಕಡೆ ಬೇಕಾಗುತ್ತಲೇ ಇರಲಿಲ್ಲ. ಊರಿನ ಈಚೆ ದಡದವರಾದ ನಾವು ಒಂದು. ಸೇತುವೆಯ ಆಚೆ ದಡದವರು ಮೂರು. ನಾಲ್ಕು ತಲೆಮಾರಿನ ಹಿಂದೆ ಹಡಗುಕಟ್ಟೆ ಕಟ್ಟಲೆಂದು ದೂರದಿಂದ ತಂದಿಳಿಸಿದ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಅವರು. ಮೈಬಣ್ಣ ಕಪ್ಪು, ಕೂದಲು ಗುಂಗುರು. ಕಲ್ಲು ಕತ್ತರಿಸುವ ಕಾರ್ಖಾನೆ, ಚರ್ಮ ಹದ ಮಾಡುವ ಕಾರ್ಖಾನೆ, ಊರಿನ ಕಸ ಸುಡುವ ಜಾಗ, ಎಲ್ಲ ಇರುವುದು ಅವರ ಮನೆಗಳ ಮಗ್ಗುಲಲ್ಲೇ. ನಾನು ಯಾರನ್ನೂ "ನಿಮ್ಮದು ಯಾವ ಗುಂಪು?" ಎಂದು ಕೇಳಿದವನಲ್ಲ. ತಲೆಯೆತ್ತಿ ಮುಖ ನೋಡುತ್ತಿದ್ದೆ, ತಲೆ ತಗ್ಗಿಸಿ ಅಂಕಿ ಬರೆಯುತ್ತಿದ್ದೆ. ಆಮೇಲಾಮೇಲೆ ನಾವು ಮನುಷ್ಯರನ್ನೇ ಅಂಕಿಯಿಂದ ಕರೆಯತೊಡಗಿದೆವು. "ಹೊರಗೆ ಎಷ್ಟು ಜನ ಇದ್ದಾರೆ?" "ಎರಡು ಜನ ನಮ್ಮವರು, ಆರು ಮೂರು." ಇದನ್ನು ಬರೆಯುವಾಗ ಈಗ ಹೇಸಿಗೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ಊದಕ್ಕನೂ ಮೂರೇ. ಆಚೆ ದಡದಿಂದ ಬಂದು ನಮ್ಮ ಆಸ್ಪತ್ರೆಯಲ್ಲಿ ಬಿಳಿ ಕೋಟು ತೊಟ್ಟವರಲ್ಲಿ ಅವಳೇ ಮೊದಲಿಗಳು. ಅಪ್ಪ ಬೇಗ ಹೋದರು. ಅಮ್ಮ ಚರ್ಮದ ಕಾರ್ಖಾನೆಯಲ್ಲಿ ಉಪ್ಪು ತಿಕ್ಕಿ, ಸೋದರಮಾವ ಕಲ್ಲಿನ ಕಾರ್ಖಾನೆಯಲ್ಲಿ ಗರಗಸ ಹಿಡಿದು ಅವಳನ್ನು ಓದಿಸಿದರು. ಕೆಲಸ ಸಿಕ್ಕ ದಿನ ಮಾವ ಅವಳ ಕೋಟನ್ನು ತಾನೇ ತೊಟ್ಟು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದನಂತೆ. ತೋಳು ಮೊಣಕೈವರೆಗೆ ಬಂದಿತ್ತಂತೆ. ಅವಳು ಈ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಹೇಳಿ ನಗುತ್ತಿದ್ದಳು.

ಕೆಲಸದಲ್ಲಿ ಬಲು ಖಡಕ್. ಪ್ರತಿ ಬೆಳಿಗ್ಗೆ ಮೂರು ಲೀಟರಿನ ದೊಡ್ಡ ಸಿರಿಂಜಿನಿಂದ ಯಂತ್ರಕ್ಕೆ ಗಾಳಿ ತಳ್ಳಿ, ಅದು ಸರಿಯಾಗಿ ಮೂರು ಲೀಟರ್ ತೋರಿಸುವವರೆಗೆ ಒಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ. "ನನ್ನ ಯಂತ್ರ ಸುಳ್ಳು ಹೇಳಲ್ಲ" ಅನ್ನುವುದು ಅವಳ ಮಾತು. ಅಳತೆಯ ವಿಷಯದಲ್ಲಿ ಅದು ನಿಜವೂ ಹೌದು.

ಆ ತರಗತಿ ನಡೆದದ್ದು ಮೂರು ವರ್ಷದ ಹಿಂದೆ. ವರ್ಣಭೇದ ಮತ್ತು ಜನರ ಆರೋಗ್ಯ ಎಂಬ ವಿಷಯದ ಮೇಲೆ ಎಲ್ಲ ಸಿಬ್ಬಂದಿಗೂ ಒಂದು ಮಧ್ಯಾಹ್ನ ಪಾಠ ಆಗಲೇಬೇಕು, ಸಹಿ ತೆಗೆದುಕೊಳ್ಳಬೇಕು ಎಂದು ಮೇಲಿನಿಂದ ಸುತ್ತೋಲೆ ಬಂತು. ಸಭಾಂಗಣದಲ್ಲಿ ಚಹಾ, ಬಿಸ್ಕತ್ತು. "ಇವತ್ತು ಬಣ್ಣದ ಪಾಠ ಅಂತೆ, ಯಾರು ಯಾರು ಪೌಡರ್ ಹಾಕ್ಕೊಂಡು ಬಂದಿದ್ದೀರಾ?" ಎಂದ ಎಕ್ಸ್‌ರೇ ವಿಭಾಗದವನು. ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡ ಡಾಕ್ಟರು, ಅಂದರೆ ನಮ್ಮ ಆಸ್ಪತ್ರೆಯ ಮುಖ್ಯಸ್ಥರು, ಮುಂದಿನ ಸಾಲಿನಲ್ಲಿ ಕೂತು ಮೊಬೈಲು ನೋಡುತ್ತಿದ್ದರು.

ಪಾಠ ಮಾಡಲು ಆರೋಗ್ಯ ಇಲಾಖೆಯಿಂದ ಬಂದ ಮೇಡಂ ಸಣ್ಣ ಆಳು, ದನಿಯೂ ಸಣ್ಣದು. ಹೊಗೆ ಉಗುಳುವ ಕಾರ್ಖಾನೆಗೆ ಯಾರ ಮನೆ ಪಕ್ಕದ ಜಾಗ ಸಿಗುತ್ತದೆ, ನೋವು ಅಂದರೆ ಯಾರ ಮಾತನ್ನು ನಂಬುತ್ತೇವೆ, ಯಾರ ಬೀದಿಗೆ ಕೊಳಾಯಿ ಕೊನೆಗೆ ಬರುತ್ತದೆ ಎಂದೆಲ್ಲ ಹೇಳುತ್ತಾ ಹೋದರು. ಅರ್ಧ ಜನ ತೂಕಡಿಸುತ್ತಿದ್ದರು. ಆಮೇಲೆ ಪರದೆಯ ಮೇಲೆ ಒಂದು ಚಿತ್ರ ಬಂತು. ನಮ್ಮದೇ ಯಂತ್ರದಂಥ ಯಂತ್ರದ್ದು.

"ಇದರಲ್ಲಿ ಗುಂಪು ಅಂತ ಇದೆಯಲ್ಲ, ಅದನ್ನ ಒತ್ತಿದ್ರೆ ಏನಾಗುತ್ತೆ ಗೊತ್ತಾ?" ಎಂದು ಕೇಳಿದರು. ಮೇಡಂ ತಾವೇ ಹೇಳಿದರು. ಒಂದೇ ವಯಸ್ಸು, ಒಂದೇ ಎತ್ತರದ ಇಬ್ಬರು ಬಂದರೆ ಯಂತ್ರ ಮೊದಲನೆಯವನಿಂದ ನಾಲ್ಕು ಲೀಟರ್ ಉಸಿರು ನಿರೀಕ್ಷಿಸುತ್ತದೆ. ಎರಡನೆಯವನು ಕಪ್ಪು ಎಂದು ಒತ್ತಿದಿರೋ, ಅವನಿಂದ ಮೂರೂವರೆ ಸಾಕು ಅನ್ನುತ್ತದೆ. ನೂರಕ್ಕೆ ಹದಿಮೂರು ಭಾಗ ಮೊದಲೇ ಕಳೆದುಬಿಡುತ್ತದೆ. ಇಬ್ಬರೂ ಮೂರು ಲೀಟರ್ ಊದಿದರೆ ಮೊದಲನೆಯವನು ರೋಗಿ, ಎರಡನೆಯವನು ಆರೋಗ್ಯವಂತ.

"ಯಾಕೆ ಹಾಗೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಕಪ್ಪು ಜನರ ಶ್ವಾಸಕೋಶ ಹುಟ್ಟಾ ಚಿಕ್ಕದು ಅಂತ ನೂರೈವತ್ತು ವರ್ಷಕ್ಕೂ ಹಿಂದೆ ಗುಲಾಮಗಿರಿಯ ಪರ ಇದ್ದ ವೈದ್ಯರು ಬರೆದಿಟ್ರು. ಮೈ ಬಗ್ಗಿಸಿ ದುಡಿಸಿದ್ರೆ ಅವರಿಗೇ ಒಳ್ಳೇದು ಅಂತ ಸಾಧಿಸೋಕೆ. ಧೂಳು ಕುಡಿದವರ ಎದೆ ಅಳೆದು, ಇವರು ಹುಟ್ಟಿದ್ದೇ ಹೀಗೆ ಅನ್ನೋದು ಆಮೇಲೂ ನಿಲ್ಲಲಿಲ್ಲ. ಯಂತ್ರ ಹೊಸದಾಯ್ತು, ಒಳಗಿನ ಲೆಕ್ಕ ಹಾಗೇ ಬಂತು." ಮೇಡಂ ಸುತ್ತ ನೋಡಿದರು. "ಇಲ್ಲಿ ಇದನ್ನ ಒತ್ತೋರು ಯಾರು?"

"ಅದು ಕಂಪನಿಯವರು ಹಾಕಿರೋ ಲೆಕ್ಕ ಮೇಡಂ" ಎಂದರು ದೊಡ್ಡ ಡಾಕ್ಟರು, ಮೊಬೈಲಿನಿಂದ ತಲೆಯೆತ್ತದೆ.

ಊದಕ್ಕ ಎದ್ದು ನಿಂತಳು. "ನಾನು" ಅಂದಳು. "ನಾನು ಒತ್ತೋದು."

ಚಹಾ ಕುಡಿಯಲು ಅವಳು ಬರಲಿಲ್ಲ. ನಾನು ಹುಡುಕಿಕೊಂಡು ಹೋದಾಗ ತನ್ನ ಕೋಣೆಯಲ್ಲಿ ಯಂತ್ರದ ಮುಂದೆ ಕೂತಿದ್ದಳು.

"ಇಲ್ಲಿ ನೋಡು ಚೀಟಣ್ಣ" ಅಂದಳು. ಗುಂಡಿಗಳ ಮೇಲಿನ ಒಂದು, ಎರಡು, ನಾಲ್ಕು ಎಂಬ ಅಂಕಿಗಳು ಸ್ಪಷ್ಟವಾಗಿದ್ದವು. ಮೂರರ ಗುಂಡಿ ಬೋಳಾಗಿತ್ತು. ಅವಳ ಬೆರಳು ತಾಗಿ ತಾಗಿ ಅಂಕಿ ಅಳಿಸಿಹೋಗಿ, ಅಲ್ಲಿ ಜಿಡ್ಡಿನ ಹೊಳಪು ಮಾತ್ರ ಉಳಿದಿತ್ತು. "ಥೂ" ಎಂದು ಮುಖ ತಿರುಗಿಸಿದಳು. ಕಫದ ಡಬ್ಬಿಯ ಮುಂದೆ ಒಂದು ದಿನವೂ ಹಾಗೆ ಮುಖ ಕಿವಿಚಿದವಳಲ್ಲ ಅವಳು. ಮಾರನೆಯ ದಿನದಿಂದ ಆ ಗುಂಡಿಯನ್ನು ಅವಳು ಬೆರಳಿಂದ ಮುಟ್ಟಲಿಲ್ಲ. ಎಲ್ಲರಿಗೂ ಒಂದನ್ನೇ ಒತ್ತಿದಳು. ನಾನು ಚೀಟಿಯಲ್ಲಿ ಗುಂಪಿನ ಜಾಗ ಖಾಲಿ ಬಿಟ್ಟೆ. ನಾವಿಬ್ಬರೂ ಅದನ್ನು ಮಾತಾಡಿಕೊಂಡು ಮಾಡಿದ್ದಲ್ಲ.

ಆದರೆ ಹಿಂದಿನದ್ದು? ಹನ್ನೊಂದು ವರ್ಷದ ರಿಜಿಸ್ಟರುಗಳು ಅವಳ ಕಪಾಟಿನಲ್ಲಿದ್ದವು. ಕಲ್ಲಿನ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಯಂತ್ರ ನಿರೀಕ್ಷಿಸಿದ ಉಸಿರಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಕಡಿಮೆ ಬಂದರೆ ಅಂಥವರನ್ನು ಧೂಳಿನ ಕೆಲಸದಿಂದ ತೆಗೆದು ಗೇಟಿಗೋ ಪ್ಯಾಕಿಂಗಿಗೋ ಹಾಕಬೇಕು. ಹದಿಮೂರು ಭಾಗ ಕಳೆದಿದ್ದರಿಂದ ಯಾರ್‍ಯಾರು ಎಂಬತ್ತು ದಾಟಿಬಿಟ್ಟಿದ್ದರು ಎಂದು ಹುಡುಕುವುದು ಅವಳ ಉದ್ದೇಶ. ಅದಕ್ಕೆ ದೊಡ್ಡ ಗಣಿತವೇ ಬೇಕಿರಲಿಲ್ಲ. ಮೂರನೇ ಗುಂಪಿನಲ್ಲಿ ಎಂಬತ್ತರಿಂದ ತೊಂಬತ್ತೊಂದರ ನಡುವೆ ಬಂದವರೆಲ್ಲ ನಿಜದಲ್ಲಿ ಗೆರೆಯ ಕೆಳಗಿನವರು. ಅಷ್ಟೆ. ಇಷ್ಟು ಸುಲಭದ್ದು ಅಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ ಅನ್ನುವುದು ನೆನೆದರೇ ಅಸಹ್ಯ.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನು ಓದುತ್ತಿದ್ದೆ, ಅವಳು ಬರೆಯುತ್ತಿದ್ದಳು. ಎರಡನೇ ವಾರ ಒಬ್ಬ ಗೋಡೆಗೆ ಬಣ್ಣ ಬಳಿಯುವವನ ಹೆಸರು ಎರಡು ಸಲ ಬಂತು. ಅವನ ಅಪ್ಪ ಈಚೆ ದಡ, ಅಮ್ಮ ಆಚೆ ದಡ. ಮೊದಲ ವರ್ಷ ಈಚೆಯ ವಿಳಾಸ ಕೊಟ್ಟಿದ್ದ, ನಾನು ಒಂದು ಎಂದು ಬರೆದಿದ್ದೆ. ಎಪ್ಪತ್ನಾಲ್ಕು ಬಂದಿತ್ತು, ರೋಗವಿದೆ ಎಂದು ಔಷಧಿ ಶುರುವಾಗಿತ್ತು. ಮುಂದಿನ ವರ್ಷ ಅವನು ಸೇತುವೆಯಾಚೆ ಅಮ್ಮನ ಮನೆಗೆ ಹೋಗಿ ಇದ್ದ, ಬಿಸಿಲಿಗೆ ಸ್ವಲ್ಪ ಕಪ್ಪಗೂ ಆಗಿದ್ದ. ನಾನು ಮೂರು ಬರೆದಿದ್ದೆ. ಊದಿದ್ದು ಅಷ್ಟೇ ಉಸಿರು. ಬಂದದ್ದು ಎಂಬತ್ತೈದು. ಔಷಧಿ ನಿಲ್ಲಿಸಿದ್ದರು.

"ನೋಡಿದೆಯಾ? ಮನೆ ಬದಲಾಯಿಸಿದ್ದಕ್ಕೇ ರೋಗ ವಾಸಿಯಾಗಿಬಿಡ್ತು" ಅಂದಳು ಊದಕ್ಕ. ನಗು ಬರುವ ಮಾತು. ಇಬ್ಬರಿಗೂ ನಗು ಬರಲಿಲ್ಲ. ಅದು ನನ್ನ ಅಕ್ಷರ, ನಾನೇ ಬರೆದ ಮೂರು, ದುಂಡಗೆ, ಚೆನ್ನಾಗಿ. ಅದನ್ನು ನೋಡಿ ನನಗೆ ನನ್ನ ಕೈಯೇ ಬೇಡವಾಯಿತು.

ಮರುದಿನ ಇನ್ನೊಂದು ಹೆಸರು ಓದಿದೆ. ಅವಳ ಪೆನ್ನು ನಿಂತಿತು. ಅದು ಅವಳ ಸೋದರಮಾವನ ಹೆಸರು. ಹನ್ನೊಂದು ವರ್ಷದ ಹಿಂದಿನ ಪರೀಕ್ಷೆ, ಎಂಬತ್ತೆರಡು, ಸಾಮಾನ್ಯ, ಕೆಳಗೆ ಅವಳದೇ ಸಹಿ.

"ನಿಜವಾದದ್ದು ಎಷ್ಟು?" ಎಂದು ಕೇಳಿದೆ.

"ಎಪ್ಪತ್ತೊಂದು." ರಿಜಿಸ್ಟರು ಮುಚ್ಚಿ ಅಂದಳು: "ಭಾನುವಾರ ನಮ್ಮನೆಗೆ ಬಾ. ನೀನು ಬರೆದಿದ್ದು, ನಾನು ಒತ್ತಿದ್ದು. ನಾನೊಬ್ಬಳೇ ಹೋಗಿ ಹೇಳಲ್ಲ."

ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿಯೂ ನಾನು ಅವಳ ಮನೆಗೆ ಹೋದದ್ದು ಅದೇ ಮೊದಲು. ಸೇತುವೆ ದಾಟುತ್ತಿದ್ದಂತೆ ಚರ್ಮದ ಕಾರ್ಖಾನೆಯ ನಾತ ಮೂಗಿಗೆ ಬಡಿಯಿತು. ಕರವಸ್ತ್ರ ತೆಗೆಯಲು ಜೇಬಿಗೆ ಕೈ ಹಾಕಿದೆ, ಪಕ್ಕದಲ್ಲಿ ಮಕ್ಕಳು ಚೆಂಡಾಡುತ್ತಿದ್ದುದು ನೋಡಿ ನಾಚಿಕೆಯಾಗಿ ಹಾಗೇ ಬಿಟ್ಟೆ. ಕಿಟಕಿಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಕಲ್ಲಿನ ಪುಡಿ ಹಿಟ್ಟಿನ ಹಾಗೆ ಕೂತಿತ್ತು. ಇಂಥ ಕಡೆ ಹುಟ್ಟಿ ಬೆಳೆದವರ ಎದೆ ಹುಟ್ಟಾ ಹೀಗೇ ಎಂದು ಬರೆದುಕೊಂಡು ಬಂದಿದ್ದೆವಲ್ಲ.

ಮಾವ ಕಿಟಕಿಯ ಪಕ್ಕ ಮೂರು ದಿಂಬಿಗೆ ಒರಗಿ ಕೂತಿದ್ದ. ಅರವತ್ತರ ಒಳಗಿನ ವಯಸ್ಸು, ನೋಡಿದರೆ ಎಂಬತ್ತು ಅನ್ನಬೇಕು. ಉಸಿರೆಳೆದಾಗ ಸಣ್ಣ ಸೀಟಿಯ ಸದ್ದು ಬರುತ್ತಿತ್ತು. ಊದಕ್ಕನ ಅಮ್ಮ ನನಗೆ ಕುರ್ಚಿ ಕೊಟ್ಟು, "ಕೂತ್ಕೊಳ್ಳಪ್ಪಾ. ಇವನನ್ನ ನೋಡಿ ಗಾಬರಿ ಆಗ್ಬೇಡ. ಕೆಲಸ ಅಂದ್ರೆ ಮಾತ್ರ ಇವನಿಗೆ ಉಸಿರಿರಲ್ಲ, ನನ್ನ ಬೈಯೋಕೆ ಬೇಕಾದಷ್ಟಿದೆ" ಅಂದರು. ಆ ಮನೆಯಲ್ಲಿ ಅದು ಹಳೆಯ ತಮಾಷೆ ಎಂದು ಗೊತ್ತಾಯಿತು.

ಊದಕ್ಕ ನೆಲದ ಮೇಲೆ ಕೂತಳು. "ಮಾವ, ಹನ್ನೊಂದು ವರ್ಷದ ಹಿಂದೆ ನನ್ನ ಹತ್ರ ಬಂದು ಊದಿದ್ದೆಯಲ್ಲ, ನೆನಪಿದೆಯಾ?"

"ನೆನಪಿಲ್ದೆ ಏನು?" ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಂಡ. "ಕಣ್ಣು ಕತ್ತಲೆ ಬರೋ ಹಾಗೆ ಊದಿಸಿದೆ. ಆಮೇಲೆ ಬೆನ್ನು ತಟ್ಟಿ, ಏನೂ ಇಲ್ಲ ಮಾವ, ಕುದುರೆ ಹಾಗಿದೀಯ ಅಂದೆ."

"ಅದು ಸುಳ್ಳು ಮಾವ." ಅವಳು ಎಲ್ಲ ಹೇಳಿದಳು. ಗುಂಪು, ಗುಂಡಿ, ಹದಿಮೂರು, ಎಪ್ಪತ್ತೊಂದು. ಒಂದು ಕಡೆಯೂ ತನ್ನನ್ನು ಉಳಿಸಿಕೊಳ್ಳುವ ಮಾತು ಸೇರಿಸಲಿಲ್ಲ. ನಡುವೆ ನಾನು, "ಗುಂಪು ಬರೆದವನು ನಾನು" ಎಂದೆ. ಮಾವ ನನ್ನ ಕಡೆ ನೋಡಲಿಲ್ಲ.

ಆಮೇಲೆ ಅವನು ಅಕ್ಕನ ಕಡೆ ತಿರುಗಿದ. "ಕೇಳಿಸ್ತಾ ಅಕ್ಕಾ? ನಾನು ಸೋಮಾರಿ ಅಲ್ವಂತೆ."

ಆ ತಾಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಹನ್ನೊಂದು ವರ್ಷ ಅವರು ತಮ್ಮನನ್ನು ಕಳ್ಳನೆಪದವನು ಎಂದು ಹಂಗಿಸಿದ್ದರು. ಪರೀಕ್ಷೆಯಾದ ಮೇಲೂ ಏಳು ವರ್ಷ ಅವನು ಗರಗಸ ಹಿಡಿದಿದ್ದ. ಅವನು ಎದೆ ಹಿಡಿದುಕೊಂಡು ಹೋಗಿ ನಿಂತಾಗೆಲ್ಲ ಕಾರ್ಖಾನೆಯ ಮೇಸ್ತ್ರಿ, "ನಿನ್ನ ಅಕ್ಕನ ಮಗಳೇ ಸರಿಯಿದೆ ಅಂತ ಸಹಿ ಹಾಕಿದ್ದಾಳಲ್ಲೋ" ಎಂದು ಅದೇ ಕಾಗದ ತೋರಿಸುತ್ತಿದ್ದರಂತೆ.

"ಮಾವ, ನನ್ನ ಬೈದುಬಿಡು" ಅಂದಳು ಊದಕ್ಕ.

ಮಾವ ಪಕ್ಕದ ಡಬ್ಬಿ ಎತ್ತಿಕೊಂಡು ಕೆಮ್ಮಿ ಉಗುಳಿದ. ಉಗುಳಿದ್ದರಲ್ಲಿ ಬೂದು ಬಣ್ಣದ ಎಳೆಗಳಿದ್ದವು. ಡಬ್ಬಿಯನ್ನು ಅವಳ ಮುಂದೆ ಹಿಡಿದು ಅಂದ: "ನಿನ್ನ ಬೈದು ಏನ್ ಮಾಡ್ಲಿ? ಇದನ್ನ ತಗೊಂಡು ಹೋಗಿ ನಿಮ್ಮ ದೊಡ್ಡ ಡಾಕ್ಟರ ಮೇಜಿನ ಮೇಲಿಡು. ಇದರಲ್ಲಿ ಎಷ್ಟು ಭಾಗ ಕಳೀತಾರೋ ಕೇಳು."

ಅವಳು ಡಬ್ಬಿ ಒಯ್ಯಲಿಲ್ಲ, ಪಟ್ಟಿ ಒಯ್ದಳು. ಇನ್ನೂರ ಏಳು ಹೆಸರು. ನಾನೂ ಜೊತೆಗಿದ್ದೆ. ದೊಡ್ಡ ಡಾಕ್ಟರು ಕನ್ನಡಕ ಏರಿಸಿ ಹಾಳೆ ಮಗುಚಿದರು.

"ನೋಡಮ್ಮಾ, ಆಗಿದ್ದು ಆಗಿಹೋಗಿದೆ. ಕಂಪನಿಯವರು ಹೊಸ ಸಾಫ್ಟ್‌ವೇರ್ ಕೊಡ್ತಾರೆ, ಅದರಲ್ಲಿ ಗುಂಪೇ ಇರಲ್ಲ. ಹಾಕಿಸಿಬಿಡೋಣ, ಮುಗೀತು."

"ಇವರಿಗೆಲ್ಲ ಹೇಳಬೇಕಲ್ವಾ ಸರ್?"

"ಹೇಳಿದ್ರೆ ಗಾಬರಿ ಆಗ್ತಾರೆ. ಹಳೇದನ್ನ ಕೆದಕಿದ್ರೆ ನಾತ ಬರುತ್ತೆ."

"ಬರ್ತಾನೇ ಇದೆ ಸರ್" ಅಂದಳು. "ನಾವು ಮೂಗು ಮುಚ್ಕೊಂಡಿದ್ವಿ ಅಷ್ಟೆ."

ಅವರ ಮುಖ ಕೆಂಪಾಯಿತು. "ಒತ್ತಿದೋಳು ನೀನು. ಅದನ್ನ ಮರೀಬೇಡ. ನಿನ್ನ ಕಡೆಯವರಿಗೇ ಇದು ಗೊತ್ತಾದ್ರೆ ನಿನ್ನ ಗತಿ ಏನು, ಯೋಚನೆ ಮಾಡು." ಅವಳ ಒಳಿತಿಗಾಗಿಯೇ ಹೇಳುವವರ ಹಾಗೆ ಮೆತ್ತಗೆ ಹೇಳಿದರು. ಅವರು ಕೂಗಾಡಿದ್ದರೆ ನನಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲವೇನೋ.

ಊದಕ್ಕ ಆ ಸಂಜೆಯೇ ಪಾಠ ಮಾಡಿದ ಮೇಡಂಗೆ ಫೋನು ಮಾಡಿದಳು. ಮೇಡಂ ಇಲಾಖೆಯಲ್ಲಿ ಯಾರ್‍ಯಾರ ಬಾಗಿಲು ಬಡಿದರೋ, ಎರಡು ತಿಂಗಳಿಗೆ ಪತ್ರ ಕಳಿಸಲು ಅಪ್ಪಣೆ ಬಂತು. ಅಷ್ಟರೊಳಗೆ ಊದಕ್ಕನಿಗೆ, ಅಪ್ಪಣೆಯಿಲ್ಲದೆ ದಾಖಲೆ ನೋಡಿದ್ದಕ್ಕೆ ಎಂದು ಎಚ್ಚರಿಕೆಯ ನೋಟೀಸೂ ಬಂದಿತ್ತು. ಪತ್ರ ಅವಳೇ ಬರೆದಳು: ನಿಮ್ಮ ಪರೀಕ್ಷೆಯ ಫಲಿತಾಂಶ ತಪ್ಪಾಗಿತ್ತು, ತಪ್ಪು ನಿಮ್ಮದಲ್ಲ, ದಯವಿಟ್ಟು ಮತ್ತೆ ಬನ್ನಿ. ಇನ್ನೂರ ಏಳು ವಿಳಾಸ ಬರೆದವನು ನಾನು. ಮೂವತ್ತೊಂದು ಪತ್ರಗಳಿಗೆ, ಅವರು ತೀರಿಕೊಂಡಿದ್ದಾರೆ ಎಂಬ ಉತ್ತರ ಬಂತು. ಒಂದು ಉತ್ತರದಲ್ಲಿ ಮಗಳು ಬರೆದಿದ್ದಳು: ನಮ್ಮಪ್ಪ ಸಾಯೋವರೆಗೂ ತಾನು ಹೆದರುಪುಕ್ಕಲ, ಅದಕ್ಕೇ ಉಸಿರು ಕಟ್ಟುತ್ತೆ ಅಂದುಕೊಂಡಿದ್ದರು. ಅದನ್ನು ಓದಿದ ದಿನ ಊದಕ್ಕ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಹೊಸ ಸಾಫ್ಟ್‌ವೇರ್ ಬಂದ ದಿನ ಆಸ್ಪತ್ರೆಯಲ್ಲಿ ಹೂಗುಚ್ಛ, ಫೋಟೋ. "ಎಲ್ಲರಿಗೂ ಒಂದೇ ಅಳತೆ" ಎಂದು ದೊಡ್ಡ ಬ್ಯಾನರು. ದೊಡ್ಡ ಡಾಕ್ಟರು ಯಂತ್ರದ ಮೇಲೆ ಕೈಯಿಟ್ಟು ನಗುತ್ತಾ ನಿಂತರು. "ಊದಕ್ಕನನ್ನ ಕರೀರಿ, ಮಧ್ಯದಲ್ಲಿ ನಿಲ್ಲಲಿ, ಚೆನ್ನಾಗಿ ಕಾಣುತ್ತೆ" ಎಂದರು ಯಾರೋ. ಚೆನ್ನಾಗಿ ಕಾಣುವುದು ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಅವಳು ಆ ಹೊತ್ತಿಗೆ ಸಿರಿಂಜು ಒರೆಸುತ್ತಿದ್ದಳು. "ಕೈ ಕೊಳೆಯಾಗಿದೆ, ಬರಲ್ಲ" ಅಂದಳು.

ಮರುಪರೀಕ್ಷೆಗೆ ಎಂಬತ್ತೆಂಟು ಜನ ಬಂದರು. ಮಾವನನ್ನು ಗಾಲಿಕುರ್ಚಿಯಲ್ಲಿ ತಂದರು. ನಲವತ್ತೊಂಬತ್ತು. ಇಲಾಖೆಯಿಂದ ಮನೆಗೆ ಆಮ್ಲಜನಕದ ಯಂತ್ರ ಕೊಟ್ಟರು. ಅದರ ಗುಂಯ್‌ಗುಟ್ಟುವ ಸದ್ದಿಗೆ ಅವನಿಗೆ ನಿದ್ದೆ ಬರುವುದಿಲ್ಲವಂತೆ. ಅಕ್ಕ ಈಗ ಅವನ ಬಗ್ಗೆ ತಮಾಷೆ ಮಾಡುವುದನ್ನು ಬಿಟ್ಟಿದ್ದಾರೆ. ಅದೂ ಅವನಿಗೆ ಹಿಡಿಸುತ್ತಿಲ್ಲ ಎಂದು ಊದಕ್ಕ ಹೇಳಿದಳು.

ಒಂದು ಬೆಳಿಗ್ಗೆ ಕಲ್ಲಿಗೆ ಹೊಳಪು ಕೊಡುವ ಕೆಲಸದ ಹೆಂಗಸೊಬ್ಬಳು ಪತ್ರ ಹಿಡಿದು ಬಂದಳು. ನಲವತ್ತರ ಆಸುಪಾಸು, ಗಟ್ಟಿ ಮೈಕಟ್ಟು. ನಾನು ಚೀಟಿ ಬರೆದುಕೊಟ್ಟೆ. ಒಳಗೆ ಹೋದವಳು ಸ್ಟೂಲಿನ ಮೇಲೆ ಕೂರಲಿಲ್ಲ.

"ಆವತ್ತು ನನಗೆ ಊದಿಸಿದ್ದು ನೀನೇ ಅಲ್ವಾ?"

"ಹೌದು, ನಾನೇ" ಅಂದಳು ಊದಕ್ಕ.

"ನಮ್ಮೋಳಾಗಿ?"

"ನಿಮ್ಮೋಳಾಗಿ."

"ಹಾಗಾದ್ರೆ ನಿನ್ನ ಕೈಯಲ್ಲಿ ನಾನು ಊದಲ್ಲ."

ಊದಕ್ಕ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟು, ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿಯನ್ನು ಕರೆದು, ತಾನು ಹೊರಗೆ ಬಂದು ನನ್ನ ಮೇಜಿನ ಪಕ್ಕ ಗೋಡೆಗೆ ಒರಗಿ ನಿಂತಳು. ಆ ಹುಡುಗಿಯ ದನಿ ಏರುತ್ತಿರಲಿಲ್ಲ. ಮೊದಲೆರಡು ಸಲ ಊದಿದ್ದು ಕೆಟ್ಟುಹೋಯಿತು. ಮೂರನೇ ಸಲ ಊದಕ್ಕ ತಡೆಯಲಾರದೆ ಹೊರಗಿನಿಂದಲೇ ಬಾಯಿ ತೆರೆದಳು, ಏನೋ ನೆನಪಾದವಳ ಹಾಗೆ ಮುಚ್ಚಿಕೊಂಡಳು.

ಆ ಹೆಂಗಸಿಗೆ ಐವತ್ತೆಂಟು ಬಂತು. ಕಾಗದ ಹಿಡಿದು ಹೊರಗೆ ಬಂದವಳು ನಮ್ಮಿಬ್ಬರನ್ನೂ ದಾಟಿ, ಮೆಟ್ಟಿಲಿಳಿದು ನೇರ ಕಾರ್ಖಾನೆಗೇ ನಡೆದಳಂತೆ. ಮಾರನೆಯ ದಿನದಿಂದ ಅವಳಿಗೆ ಗೇಟಿನಲ್ಲಿ ಕೆಲಸ. ಊದಕ್ಕ ದಿನಾ ಮನೆಗೆ ಹೋಗುವುದು ಆ ಗೇಟಿನ ಮುಂದೆಯೇ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಮಾತು ಇವತ್ತಿಗೂ ಆಗಿಲ್ಲ.